ಸಾಲ ಮಾಡಿ ತೋಟಗಾರಿಕೆ ಪದವಿ ಓದಬಹುದಾ?

ಪ್ರಶ್ನೆ: ಮೇಡಂ, ನನಗೆ 26 ವರ್ಷ. ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಗಿಡಗಳೆಂದರೆ ಪ್ರಾಣ. ಕೆಲಸ ಬಿಟ್ಟು ನಾಲ್ಕು ವರ್ಷದ ತೋಟಗಾರಿಕೆ ಪದವಿಗೆ ಸೇರುವ ಆಸೆ. ಅರ್ಧ ಖರ್ಚು ಉಳಿತಾಯದಲ್ಲಿ ಆಗುತ್ತದೆ, ಉಳಿದರ್ಧಕ್ಕೆ ಸಾಲವೇ ಗತಿ. ‘ಗಿಡ ನೆಡೋಕೆ ಡಿಗ್ರಿ ಯಾಕೆ’ ಅಂತ ಮನೆಯಲ್ಲಿ ನಗುತ್ತಾರೆ. ಹಾಕಿದ ದುಡ್ಡು ವಾಪಸ್ ಬರುತ್ತಾ?

ಉತ್ತರ: ಮನೆಯವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಗಿಡ ನೆಡೋಕೆ ಡಿಗ್ರಿ ಬೇಡ, ನಿಜ. ಕಸಿ ಕಟ್ಟೋಕೂ ಬೇಡ. ನರ್ಸರಿಗೆ, ಗಿಡದ ಚೂರಿನಿಂದ ಸಸಿ ಬೆಳೆಸುವ ಟಿಶ್ಯೂ ಕಲ್ಚರ್ ಲ್ಯಾಬಿಗೆ ಜನರನ್ನು ಆರಿಸುವುದು ನನ್ನ ಕೆಲಸ. ನಾನು ಕಂಡ ಕಸಿಗಾರರಲ್ಲಿ ಕೈ ಚುರುಕಾಗಿದ್ದವರು ಹೆಚ್ಚಿನವರು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ತೊಗಟೆಗೂ ಕಟ್ಟಿಗೆಗೂ ನಡುವೆ ಒಂದು ತೆಳು ಪದರ ಇರುತ್ತದೆ. ಕುಡಿಯ ಆ ಪದರ ಬೇರುಸಸಿಯ ಅದೇ ಪದರಕ್ಕೆ ತಾಗಬೇಕು, ಗಾಯ ಒಣಗುವ ಮೊದಲೇ ಪಟ್ಟಿ ಸುತ್ತಬೇಕು. ಇದು ಕೈಗೆ ಹತ್ತುವ ವಿದ್ಯೆ, ಇದಕ್ಕಾಗಿ ಸಾಲ ಮಾಡಬೇಕಿಲ್ಲ. ಸಂಬಳ ಕೊಟ್ಟು ಕಲಿಸುವ ನರ್ಸರಿಗಳೇ ಇವೆ.

ಹಾಗಾದರೆ ಪದವಿ ಏನು ಕೊಡುತ್ತದೆ? ಸಂದರ್ಶನಕ್ಕೆ ಬಂದವರ ಮುಂದೆ ನಾನು ಎರಡು ಎಲೆ ಇಡುತ್ತೇನೆ. ಎರಡರಲ್ಲೂ ನರಗಳು ಹಸಿರು, ನಡುವಿನ ಭಾಗ ಹಳದಿ. ಒಂದು ತುದಿಯ ಎಳೆ ಎಲೆ, ಇನ್ನೊಂದು ಬುಡದ ಹಳೇ ಎಲೆ. ಯಾವುದಕ್ಕೆ ಏನು ಕೊರತೆ ಅಂತ ಕೇಳುತ್ತೇನೆ. ಮೆಗ್ನೀಸಿಯಂ ಸಾಲದೇ ಹೋದರೆ ಗಿಡ ಹಳೇ ಎಲೆಯಲ್ಲಿರುವುದನ್ನು ತೆಗೆದು ಚಿಗುರಿಗೆ ಸಾಗಿಸುತ್ತದೆ. ಹಾಗಾಗಿ ಕೆಳಗಿನ ಎಲೆ ಮೊದಲು ಹಳದಿಯಾಗುತ್ತದೆ. ಕಬ್ಬಿಣವನ್ನು ಹಾಗೆ ಸಾಗಿಸಲು ಗಿಡಕ್ಕೆ ಆಗುವುದಿಲ್ಲ, ಅದರ ಕೊರತೆ ಚಿಗುರಿನಲ್ಲೇ ಕಾಣುತ್ತದೆ. ಇಷ್ಟು ಹೇಳುವವರು ಸಿಗುತ್ತಾರೆ. ನನಗೆ ಬೇಕಾದವರು ‘ಮಣ್ಣಿನ ಪಿಎಚ್ ಎಷ್ಟು ಮೇಡಂ?’ ಅಂತ ತಿರುಗಿ ಕೇಳುವವರು. ಯಾಕೆಂದರೆ ಸುಣ್ಣದಂಶ ಜಾಸ್ತಿ ಇದ್ದು ಪಿಎಚ್ (ಮಣ್ಣು ಹುಳಿಯೋ ಕ್ಷಾರವೋ ಅನ್ನುವ ಅಳತೆ) ಏರಿದ ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿದ್ದರೂ ಬೇರಿಗೆ ದಕ್ಕುವುದಿಲ್ಲ. ಅಲ್ಲಿ ಮಾಮೂಲಿ ಕಬ್ಬಿಣದ ಸಲ್ಫೇಟ್ ತಂದು ಸುರಿದರೆ ದುಡ್ಡು ಮಣ್ಣುಪಾಲು, ಅಕ್ಷರಶಃ. ಒಳ್ಳೆಯ ಕಾಲೇಜು ಕಲಿಸುವುದು ಇಂಥ ತಿಳಿವಳಿಕೆಯನ್ನು. ಪದವೀಧರರಿಗೆ ನಾವು ನಾಲ್ಕು ಕಾಸು ಜಾಸ್ತಿ ಕೊಡುವುದೂ ಇದಕ್ಕೇ.

ಆದ್ದರಿಂದ ಮೊದಲು ಕೆಲಸ ಆರಿಸಿ, ಆಮೇಲೆ ಪದವಿಯ ಮಾತು. ರೋಗ ಪತ್ತೆ, ತಳಿ ಅಭಿವೃದ್ಧಿ, ಸಂಶೋಧನೆ, ಸರ್ಕಾರಿ ಹುದ್ದೆ, ಪಾಠ ಹೇಳುವುದು ಇವಕ್ಕೆಲ್ಲ ಪದವಿ ಇಲ್ಲದೆ ಒಳಗೆ ಬಿಡುವುದು ಕಡಿಮೆ. ಕೆಲವಕ್ಕೆ ಸ್ನಾತಕೋತ್ತರವೂ ಬೇಕು, ಅಂದರೆ ಖರ್ಚು ನಾಲ್ಕು ವರ್ಷಕ್ಕೆ ನಿಲ್ಲುವುದಿಲ್ಲ. ಆದರೆ ಈ ಕಡೆ ಕೆಲಸಕ್ಕೆ ಬರ ಇಲ್ಲ ಅಂತಲೇ ನನ್ನ ಅನಿಸಿಕೆ. 2005ರಲ್ಲಿ ಫ್ಲೋರಿಡಾದಲ್ಲಿ ಸಿಟ್ರಸ್ ಗ್ರೀನಿಂಗ್ ರೋಗ ಪತ್ತೆಯಾಯಿತು. ಪುಟ್ಟ ಕೀಟವೊಂದು ಹರಡುವ ಬ್ಯಾಕ್ಟೀರಿಯಾ ಅದು. ಅಲ್ಲಿನ ಕಿತ್ತಳೆ ಬೆಳೆ ಆಮೇಲೆ ನೆಲ ಕಚ್ಚಿತು. ಇಂಥ ರೋಗಗಳು ಬರುತ್ತಲೇ ಇರುತ್ತವೆ, ಅವುಗಳ ಹಿಂದೆ ಬೀಳುವವರೂ ಬೇಕಾಗುತ್ತಾರೆ.

ವಿದ್ಯಾರ್ಥಿಗಳು ತಿರುಗಿಯೂ ನೋಡದ ಇನ್ನೊಂದು ವಿಭಾಗ ಇದೆ: ಕೊಯ್ಲಿನ ನಂತರದ ನಿರ್ವಹಣೆ. ಜಗತ್ತಿನ ಆಹಾರದಲ್ಲಿ ಸುಮಾರು ಶೇ 14ರಷ್ಟು ಕೊಯ್ಲಾದ ಮೇಲೆ, ಚಿಲ್ಲರೆ ಅಂಗಡಿ ಮುಟ್ಟುವ ಮೊದಲೇ ನಷ್ಟವಾಗುತ್ತದೆ ಅಂತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2019ರಲ್ಲಿ ಅಂದಾಜು ಮಾಡಿತ್ತು. ಸುಮ್ನೆ ಫ್ರಿಜ್ಜಿನಲ್ಲಿಟ್ಟರೆ ಮುಗೀತು ಅನ್ನುವ ಹಾಗಿಲ್ಲ. ಸೇಬಿಗೆ ಸೊನ್ನೆ ಡಿಗ್ರಿ ಹತ್ತಿರದ ತಂಪು ಬೇಕು. ಬಾಳೆಕಾಯನ್ನು ಸುಮಾರು 13 ಡಿಗ್ರಿಗಿಂತ ಕೆಳಗೆ ಇಟ್ಟರೆ ಸಿಪ್ಪೆ ಕಂದಿ, ಸರಿಯಾಗಿ ಹಣ್ಣೇ ಆಗುವುದಿಲ್ಲ. ಇದನ್ನೆಲ್ಲ ಬಲ್ಲವರಿಗೆ ಗೋದಾಮು, ರಫ್ತು ಕಂಪನಿಗಳಲ್ಲಿ ವರ್ಷಪೂರ್ತಿ ಕೆಲಸ. ಬಿಸಿಲಲ್ಲಿ ಬೇಯುವುದೂ ಕಡಿಮೆ!

ನಿಮಗೆ ಬೇಕಿರುವುದು ಸ್ವಂತ ನರ್ಸರಿ, ಹೂವಿನ ವ್ಯಾಪಾರ ಅಂತಾದರೆ ಪದವಿ ಬಿಡಿ. ಸಣ್ಣ ಡಿಪ್ಲೊಮಾ ಸಾಕು.

ಲೆಕ್ಕ ನಿಮ್ಮ ಕಸುಬು, ಆದರೂ ಹೇಳಿಬಿಡುತ್ತೇನೆ. ಶುಲ್ಕ, ಹಾಸ್ಟೆಲು ಮಾತ್ರ ಬರೆದುಕೊಂಡರೆ ಅದು ಅರ್ಧ ಲೆಕ್ಕ. ನಾಲ್ಕು ವರ್ಷ ಕೈಬಿಡುವ ಸಂಬಳವೂ ಖರ್ಚೇ ಅಲ್ವಾ? ಸಾಲದ ಕಂತನ್ನು ಹೊಸಬರಿಗೆ ಸಿಗುವ ಸಂಬಳದ ಪಕ್ಕ ಇಟ್ಟು ನೋಡಿ, ಹತ್ತು ವರ್ಷದ ಅನುಭವಿಗಳ ಸಂಬಳದ ಪಕ್ಕ ಬೇಡ. ನಮ್ಮ ಕ್ಷೇತ್ರದಲ್ಲಿ ಶುರುವಿನಲ್ಲಿ ಸಿಗುವುದು ಕಡಿಮೆ, ಏರುವುದೂ ನಿಧಾನ. ಅದರಲ್ಲಿ ಮೂರರಲ್ಲೊಂದು ಪಾಲು ಕಂತಿಗೇ ಹೋಗುವಂತಿದ್ದರೆ ನಾನಂತೂ ಸೇರುತ್ತಿರಲಿಲ್ಲ. ಕಾಲೇಜಿನವರು ತೋರಿಸುವ ರ‍್ಯಾಂಕ್ ವಿಜೇತರ ಫೋಟೋ ನೋಡಿ ಮರುಳಾಗಬೇಡಿ. ಹಿಂದಿನ ಬ್ಯಾಚಿನಲ್ಲಿ ಮಧ್ಯಮ ಅಂಕ ತೆಗೆದ ನಾಲ್ಕೈದು ಮಂದಿಯನ್ನು ಹುಡುಕಿ, ಈಗ ಏನು ಮಾಡುತ್ತಿದ್ದಾರೆ ಅಂತ ವಿಚಾರಿಸಿ. ಅಂದಹಾಗೆ, ನೀವು ವಾಣಿಜ್ಯ ಓದಿದವರಾದರೆ ಪ್ರವೇಶದ ನಿಯಮಗಳನ್ನೂ ನೋಡಿಕೊಳ್ಳಿ. ಬಹಳಷ್ಟು ಕಡೆ ಜೀವಶಾಸ್ತ್ರ, ರಸಾಯನಶಾಸ್ತ್ರ ಓದಿರಬೇಕು ಅನ್ನುತ್ತಾರೆ.

ಕೆಲಸ ಬಿಡುವ ಮೊದಲು ವಾರದ ರಜೆಯಲ್ಲಿ ಒಂದು ಹಂಗಾಮು ಯಾವುದಾದರೂ ನರ್ಸರಿಯಲ್ಲಿ ದುಡಿಯಿರಿ. ಬೆನ್ನು, ಮಂಡಿ ಏನನ್ನುತ್ತವೆ ಅಂತ ಗೊತ್ತಾಗುತ್ತದೆ. ಒಂದು ಸಸಿ ಬೆಳೆಸಲು ಎಷ್ಟು ಬೀಳುತ್ತದೆ ಅಂತ ಅಲ್ಲಿ ಲೆಕ್ಕ ಹಾಕಿಕೊಡಿ. ಎಷ್ಟೋ ಮಾಲೀಕರಿಗೆ ಅದು ಗೊತ್ತಿರುವುದಿಲ್ಲ, ಸತ್ತ ಸಸಿಗಳ ಖರ್ಚನ್ನು ಬದುಕಿದವುಗಳ ಮೇಲೆ ಹಾಕುವುದನ್ನು ಮರೆತಿರುತ್ತಾರೆ. ಲೆಕ್ಕ ಬಲ್ಲವರನ್ನು ಅವರು ಸುಲಭಕ್ಕೆ ಬಿಡುವುದಿಲ್ಲ, ಪದವಿ ಇಲ್ಲದೆಯೇ ಕೆಲಸ ಕೊಟ್ಟರೂ ಕೊಟ್ಟಾರು. ಅಷ್ಟಾದ ಮೇಲೂ ರೋಗ ಪತ್ತೆಯನ್ನೋ ಸಂಶೋಧನೆಯನ್ನೋ ಹಿಡಿಯಲೇಬೇಕು ಅನ್ನಿಸಿದರೆ ಮುಂದಿನ ವರ್ಷ ಅರ್ಜಿ ಹಾಕಿ. ಒಂದು ವರ್ಷದ ಉಳಿತಾಯ ಸೇರಿ ಸಾಲವೂ ಅಷ್ಟು ಇಳಿದಿರುತ್ತದೆ.