ನೋಟು-ನಾಣ್ಯ ಪ್ರಶ್ನೋತ್ತರ: ಫಿಜಿಯ ಹಳೇ ನೋಟುಗಳು

ಪ್ರಶ್ನೆ: ಸರ್, ಫಿಜಿಯ ರಾಜಧಾನಿ ಸುವಾದಲ್ಲಿ ಕೆಲಸದಲ್ಲಿರುವ ನಮ್ಮ ಭಾವ ಅಲ್ಲಿನ ನಾಲ್ಕು ಹಳೇ ನೋಟು ತಂದುಕೊಟ್ಟರು. ಎರಡರ ಮೇಲೆ ಶಿಲ್ಲಿಂಗ್ ಅಂತಿದೆ, ಇನ್ನೆರಡರ ಮೇಲೆ ಡಾಲರ್. ನಾಲ್ಕರಲ್ಲೂ ಎಲಿಜಬೆತ್ ರಾಣಿಯ ಚಿತ್ರವಿದೆ. ಎಲ್ಲವೂ ಬ್ರಿಟಿಷರ ಕಾಲದವೇ ಅಲ್ವಾ?
- ತೀರ್ಥಹಳ್ಳಿಯ ಓದುಗರು

ಉತ್ತರ: ರಾಣಿ ಇದ್ದಾರೆ ಅಂದ ಮಾತ್ರಕ್ಕೆ ಹಾಗೆ ಹೇಳಲು ಬರುವುದಿಲ್ಲ. ಫಿಜಿ ಬ್ರಿಟಿಷರ ಕೈಗೆ ಹೋಗಿದ್ದು 1874ರ ಅಕ್ಟೋಬರ್ 10ರಂದು, ಸ್ವತಂತ್ರವಾಗಿದ್ದು 1970ರ ಅಕ್ಟೋಬರ್ 10ರಂದು. 1987ರಲ್ಲಿ ಗಣರಾಜ್ಯವೂ ಆಯಿತು. ಆದರೂ ನೋಟಿನ ಮೇಲೆ ರಾಣಿಯೇ ಇದ್ದರು. ಹೂವು, ಹಕ್ಕಿ, ಮೀನುಗಳ ಹೊಸ ನೋಟು 2013ರಲ್ಲಿ ಬಂತು, ಆಮೇಲೆ ಅವರ ಚಿತ್ರ ಹೋಯಿತು. ಇದು ಗೊತ್ತಿಲ್ಲದೆ ತೀರಾ ಈಚಿನ ನೋಟಿಗೆ ಬ್ರಿಟಿಷ್ ಕಾಲದ್ದು ಅಂತ ಜಾಸ್ತಿ ದುಡ್ಡು ಕೊಡುವವರನ್ನು ನೋಡಿದರೆ ಬೇಜಾರಾಗುತ್ತದೆ.

ನಿಮ್ಮ ಶಿಲ್ಲಿಂಗ್ ನೋಟುಗಳು ವಸಾಹತು ಕಾಲದವೇ. ಅವುಗಳ ಮೇಲೆ ತಾರೀಖು ಅಚ್ಚಾಗಿರುತ್ತದೆ, ಅದನ್ನು ಗಮನಿಸಿ, ಯಾಕಂದರೆ ಚಿತ್ರ ಒಂದೇ ಇದ್ದರೂ ತಾರೀಖು ಮತ್ತು ಸಹಿ ಬದಲಾದರೆ ಬೆಲೆಯೂ ಬದಲಾಗುತ್ತದೆ. ಡಾಲರ್ ನೋಟುಗಳದ್ದು ಸ್ವಲ್ಪ ತೊಡಕು. ಡಾಲರ್ ಬಂದಿದ್ದು 1969ರ ಜನವರಿಯಲ್ಲಿ, ಒಂದು ಪೌಂಡಿಗೆ ಎರಡು ಡಾಲರ್ ಲೆಕ್ಕದಲ್ಲಿ. ಆಗಿನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. ನೋಟಿನ ತಲೆಯಲ್ಲಿ ಏನು ಬರೆದಿದೆ ನೋಡಿ. 'ಸೆಂಟ್ರಲ್ ಮಾನಿಟರಿ ಅಥಾರಿಟಿ' ಅಥವಾ 'ರಿಸರ್ವ್ ಬ್ಯಾಂಕ್' ಅಂತಿದ್ದರೆ ಅದು ಸ್ವಾತಂತ್ರ್ಯದ ನಂತರದ್ದು. 'ಗವರ್ನಮೆಂಟ್ ಆಫ್ ಫಿಜಿ' ಅಂತಿದ್ದರೆ ಮಾತ್ರ ಬ್ರಿಟಿಷ್ ಕಾಲದ್ದಿರಬಹುದೆಂಬ ಆಸೆ ಇಟ್ಟುಕೊಳ್ಳಬಹುದು, ಸಹಿ ಯಾರದ್ದು ಅಂತ ಕ್ಯಾಟಲಾಗಿನ ಜೊತೆ ಹೋಲಿಸಿ ಪಿಕ್ ನಂಬರ್ (ನೋಟುಗಳ ಕ್ಯಾಟಲಾಗಿನಲ್ಲಿ ಪ್ರತಿ ನೋಟಿಗೂ ಕೊಟ್ಟಿರುವ ಸಂಖ್ಯೆ) ಗುರುತು ಹಾಕಿಕೊಳ್ಳಿ.

ಪ್ರಶ್ನೆ: ಗಿರ್ಮಿಟ್ ಕೂಲಿಗಳ (ಕರಾರಿನ ಮೇಲೆ ಫಿಜಿಗೆ ಸಾಗಿಸಿದ ಭಾರತೀಯರ) ಬಗ್ಗೆ ಓದಿದ ಮೇಲೆ ಫಿಜಿಯ ನೋಟು ಕೂಡಿಸುವ ಆಸೆ ಆಗಿದೆ. ಕೈಯಲ್ಲಿ ದುಡ್ಡು ಕಡಿಮೆ. ಎಲ್ಲಿಂದ ಶುರು ಮಾಡಲಿ?
- ಮಂಗಳೂರಿನ ಓದುಗರು

ಉತ್ತರ: 1942ರ ಒಂದು ಪೆನ್ನಿ ನೋಟಿನಿಂದ ಶುರು ಮಾಡಿ. ಇಪ್ಪತ್ತು ಪೌಂಡಿನ ನೋಟಿನ ಹಿಂದೆ ಹೋಗಬೇಡಿ.

ಯುದ್ಧದ ಕಾಲ. ಜಪಾನ್ ಪೆಸಿಫಿಕ್‌ನ ದ್ವೀಪಗಳನ್ನು ಒಂದೊಂದಾಗಿ ಹಿಡಿಯುತ್ತಾ ಬರುತ್ತಿತ್ತು. ಫಿಜಿಯಲ್ಲಿ ಮೊದಲು ನ್ಯೂಜಿಲ್ಯಾಂಡಿನ ಸೈನಿಕರಿದ್ದರು, 1942ರ ನಡುವೆ ಅಮೆರಿಕದವರೂ ಬಂದಿಳಿದರು. ಅಷ್ಟು ಜನ ಬಂದರೆ ಅಂಗಡಿಯಲ್ಲಿ ಚಿಲ್ಲರೆ ಎಲ್ಲಿಂದ ಬರಬೇಕು? ಆಗ ಒಂದು ಪೆನ್ನಿಗೂ ಕಾಗದದ ನೋಟು ಮಾಡಿದರು, ಅದರ ತಾರೀಖು 1942ರ ಜುಲೈ 1. ಪೌಂಡಿಗೆ ಇಪ್ಪತ್ತು ಶಿಲ್ಲಿಂಗ್, ಅಂದರೆ 240 ಪೆನ್ನಿ, ಅದರಲ್ಲಿ ಒಂದಕ್ಕೆ ಒಂದು ನೋಟು! ಒಂದು ಮತ್ತು ಎರಡು ಶಿಲ್ಲಿಂಗಿನ ನೋಟುಗಳೂ ಆ ವರ್ಷವೇ ಬಂದವು. ನಾಣ್ಯಗಳನ್ನು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯಲ್ಲಿ ಹೊಡೆಸಿದರು, ಅವುಗಳ ಮೇಲೆ 'ಎಸ್' ಗುರುತಿರುತ್ತದೆ. ಆ ನಡುತೂತಿನ ಪೆನ್ನಿ ನಾಣ್ಯವನ್ನೂ ನೋಟನ್ನೂ ಒಟ್ಟಿಗೆ ಇಟ್ಟುಕೊಂಡರೆ ಆ ವರ್ಷದ ಪರದಾಟವೆಲ್ಲ ಕಣ್ಣಿಗೆ ಕಾಣುತ್ತದೆ. ಚೆನ್ನಾಗಿ ಬಳಕೆಯಾದ ಪೆನ್ನಿ ನೋಟು ದುಬಾರಿಯೂ ಅಲ್ಲ.

ನ್ಯೂಜಿಲ್ಯಾಂಡಿನ ನೋಟಿನ ಮೇಲೆಯೇ ಫಿಜಿ ಸರ್ಕಾರದ ಹೆಸರು ಅಚ್ಚು ಹಾಕಿ ಓಡಿಸಿದ್ದೂ ಉಂಟು. ಅದು ದುಬಾರಿ, ಮೇಲಿನ ಅಚ್ಚನ್ನು ನಕಲಿ ಮಾಡುವುದೂ ಕಷ್ಟವಲ್ಲ. ಗ್ರೇಡಿಂಗ್ ಆಗಿ (ಪರಿಣತರು ಅಸಲಿತನ, ಗುಣಮಟ್ಟ ಪರೀಕ್ಷಿಸಿ) ಕವರಿನಲ್ಲಿ ಬಂದಿದ್ದನ್ನು ಬಿಟ್ಟು ಬೇರೆಯದನ್ನು ಮುಟ್ಟಬೇಡಿ.

ಗಿರ್ಮಿಟ್ ವಿಷಯಕ್ಕೆ ಬಂದರೆ, 1879ರಿಂದ 1916ರವರೆಗೆ 60,000ಕ್ಕೂ ಹೆಚ್ಚು ಭಾರತೀಯರನ್ನು ಕಬ್ಬಿನ ತೋಟಗಳಿಗೆ ಸಾಗಿಸಿದರು. ಮೊದಲು ಹಡಗು ಹೊರಡುತ್ತಿದ್ದುದು ಕಲ್ಕತ್ತದಿಂದ, 1903ರಿಂದ ಮದ್ರಾಸಿನಿಂದಲೂ ಹೊರಟವು. ಕರಾರಿನ ಪ್ರಕಾರ ದಿನಕ್ಕೆ ಗಂಡಸಿಗೆ ಒಂದು ಶಿಲ್ಲಿಂಗ್, ಹೆಂಗಸಿಗೆ ಒಂಬತ್ತು ಪೆನ್ಸ್, ಅದೂ ಗೊತ್ತು ಮಾಡಿದ ಕೆಲಸ ಪೂರ್ತಿ ಮುಗಿಸಿದರೆ. ಅಂದರೆ ಒಂದು ಪೌಂಡ್ ಅಂದರೆ ಇಪ್ಪತ್ತು ದಿನದ ದುಡಿಮೆ, ಹೆಂಗಸಿಗಾದರೆ ಇಪ್ಪತ್ತಾರು ದಿನಕ್ಕೂ ಜಾಸ್ತಿ. ಈ ಲೆಕ್ಕ ತಲೆಯಲ್ಲಿಟ್ಟುಕೊಂಡು ಐದು ಶಿಲ್ಲಿಂಗಿನ ನೋಟನ್ನು ಕೈಗೆ ತಗೊಳ್ಳಿ. ಆರನೇ ಜಾರ್ಜ್ ಚಿತ್ರವಿರುವ ನೋಟುಗಳು ಗಿರ್ಮಿಟ್ ಮುಗಿದ ಮೇಲಿನವು, ನಿಜ, ಆದರೆ ಆ ಕೂಲಿಗಳ ಮಕ್ಕಳು ಕಬ್ಬಿಗೂ ಅಂಗಡಿಗೂ ಬಳಸಿದ ದುಡ್ಡು ಅದೇ. ಮಡಿಕೆ ಬಿದ್ದು ಕೊಳೆಯಾಗಿದ್ದರೂ ಅಂಥದ್ದನ್ನೇ ಹುಡುಕಿ ಅನ್ನುತ್ತೇನೆ ನಾನು.

ಪ್ರಶ್ನೆ: ಹಳೇ ನೋಟು ಸುಕ್ಕಾಗಿದೆ, ಕಂದು ಚುಕ್ಕೆಯೂ ಇದೆ. ತೊಳೆದು, ಇಸ್ತ್ರಿ ಮಾಡಿ, ಲ್ಯಾಮಿನೇಷನ್ ಮಾಡಿಸಬಹುದಾ?
- ಕಾರವಾರದ ಓದುಗರು

ಉತ್ತರ: ದಯವಿಟ್ಟು ಮೂರೂ ಬೇಡ. ಲ್ಯಾಮಿನೇಷನ್ ಮಾಡಿಸಿದ ನೋಟನ್ನು ಮತ್ತೆ ಬಿಡಿಸಲು ಆಗುವುದಿಲ್ಲ, ಸಂಗ್ರಹಕಾರರು ಅದನ್ನು ಮುಟ್ಟುವುದೂ ಇಲ್ಲ. ತೊಳೆದರೆ ಕಾಗದದ ಗಟ್ಟಿತನ ಹೋಗುತ್ತದೆ, ಇಸ್ತ್ರಿ ಮಾಡಿದರೆ ಉಬ್ಬಿರುವ ಅಚ್ಚು ಚಪ್ಪಟೆಯಾಗುತ್ತದೆ, ಅನುಭವ ಇರುವವರಿಗೆ ಬೆರಳಿಟ್ಟರೆ ಗೊತ್ತಾಗುತ್ತದೆ. ಫಿಜಿಯ ಹವೆಯೂ ನಿಮ್ಮ ಕರಾವಳಿಯ ಹಾಗೇ ತೇವದ್ದು, ಆ ಚುಕ್ಕೆ ಅದರಿಂದಲೇ ಬಂದಿರಬಹುದು. ಹಾಗೇ ಬಿಡಿ. ಮೆತ್ತಗಿನ ಪಿವಿಸಿ ಕವರ್ ಬೇಡ, ಪಾಲಿಯೆಸ್ಟರ್ ಕವರ್ ತಗೊಳ್ಳಿ. ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಅದನ್ನು ಆಗಾಗ ಬದಲಾಯಿಸಿ. ತುಕ್ಕು ಹಿಡಿದ ಪಿನ್ ಇದ್ದರೆ ಎಳೆಯಬೇಡಿ, ಕಾಗದ ಹರಿಯುತ್ತದೆ, ತಿಳಿದವರ ಕೈಯಲ್ಲಿ ತೆಗೆಸಿ.