ಬ್ಯಾಟ್‌ಮ್ಯಾನ್ ಬರುವ ತನಕ ಗಾರ್ಡನ್ ಗೆಲ್ಲುವ ಹಾಗಿಲ್ಲ

ಓದುಗರೊಬ್ಬರ ಪತ್ರ, ಸ್ವಲ್ಪ ಚಿಕ್ಕದು ಮಾಡಿ:

"ಸಂಪಾದಕರೇ, ಹೋದ ಸಂಚಿಕೆಯಲ್ಲಿ ನೀವು ಸೂಪರ್‌ಹೀರೋ ಪ್ರೀಕ್ವೆಲ್ ಸೀರಿಯಲ್‌ಗಳನ್ನು, ಅಂದರೆ ಹೀರೋನ ಕಥೆಗೂ ಹಿಂದಿನ ಕಥೆ ಹೇಳುವವನ್ನು, ಹೊಗಳಿ ಬರೆದಿದ್ದು ನೋಡಿ ಸಿಟ್ಟು ಬಂತು. 'ಗಾಥಮ್' ಸೀರಿಯಲ್ಲಿನ ಐದೂ ಸೀಸನ್, ನೂರೂ ಎಪಿಸೋಡ್ ನೋಡಿದವಳು ನಾನು. ಬ್ಯಾಟ್‌ಮ್ಯಾನ್ ಬಂದಿದ್ದು ಕಟ್ಟಕಡೆಯ ಎಪಿಸೋಡಿನಲ್ಲಿ. ಅದೂ ಸರಿಯಾಗಿ ನೋಡುವಷ್ಟರಲ್ಲಿ ಮುಗಿದುಹೋಯಿತು. ಹೀರೋನನ್ನೇ ಕೊಡಲಾಗದವರು ಅವನ ಹೆಸರು ಹೇಳಿಕೊಂಡು ವ್ಯಾಪಾರ ಮಾಡುವುದು ಮೋಸ ಅಲ್ವಾ? ಈ ಜಾತಿಯ ಸೀರಿಯಲ್ ಒಂದಾದರೂ ನಿಜಕ್ಕೂ ಚೆನ್ನಾಗಿದೆಯಾ? ನನ್ನ ತಮ್ಮ ಈಗ ಗಾಥಮ್ ಮೊದಲ ಸೀಸನ್ ಶುರು ಮಾಡಿದ್ದಾನೆ. ನಿಲ್ಲಿಸು ಅಂತ ಹೇಳಲಾ?"

ಸಂಪಾದಕರ ಉತ್ತರ:

ಪ್ರಿಯ ಓದುಗರೇ,

ನೂರು ಎಪಿಸೋಡ್ ನೋಡಿದವರ ಸಿಟ್ಟಿಗೆ ಒಂದು ತೂಕ ಇರುತ್ತದೆ. ಎರಡು ಎಪಿಸೋಡ್ ನೋಡಿ ಬಿಟ್ಟವರು ಬರೆದಿದ್ದರೆ ನಾನು ಎರಡೇ ಸಾಲಿನಲ್ಲಿ ಮುಗಿಸುತ್ತಿದ್ದೆ. ನಿಮಗೆ ಹಾಗೆ ಮಾಡಲಾಗದು. ಹೋದ ಸಂಚಿಕೆಯ ಲೇಖನದಲ್ಲಿ ಹೊಗಳಿಕೆ ಸ್ವಲ್ಪ ಜಾಸ್ತಿಯೇ ಆಗಿತ್ತು ಅನ್ನುವುದನ್ನೂ ಮೊದಲೇ ಒಪ್ಪಿಬಿಡುತ್ತೇನೆ.

ಆದರೆ ಹೀರೋ ಬರಲಿಲ್ಲ, ಅದಕ್ಕೇ ಸೀರಿಯಲ್ ಕೆಟ್ಟಿತು ಅನ್ನುವ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ನನಗೆ ಕಾಣುವ ತೊಂದರೆ ಬೇರೆ. ಹೀರೋ ಮುಂದೆ ಬಂದೇ ಬರುತ್ತಾನೆ ಅನ್ನುವುದೇ ಆ ತೊಂದರೆ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. 2014ರಲ್ಲಿ ಗಾಥಮ್ ಶುರುವಾದಾಗ ಅದು ಬ್ಯಾಟ್‌ಮ್ಯಾನ್ ಕಥೆ ಅಂತ ಯಾರೂ ಹೇಳಿರಲಿಲ್ಲ. ಜಿಮ್ ಗಾರ್ಡನ್ ಅನ್ನುವ ಪೊಲೀಸ್ ಪತ್ತೇದಾರನ ಕಥೆ ಅಂತಲೇ ಹೇಳಿದ್ದರು. ಊರಿಗೆ ಊರೇ ಕೊಳೆತಿದೆ. ಪೊಲೀಸರು ಗೂಂಡಾಗಳ ಜೇಬಿನಲ್ಲಿದ್ದಾರೆ. ಅದರ ನಡುವೆ ಒಬ್ಬ ನೆಟ್ಟಗಿನ ಮನುಷ್ಯ. ಒಳ್ಳೆಯ ಕಥೆಯೇ. ಈಗ ಯೋಚನೆ ಮಾಡಿ, ಈ ಗಾರ್ಡನ್ ಗೆದ್ದರೆ ಏನಾಗುತ್ತದೆ? ಊರು ಸರಿಹೋಗುತ್ತದೆ. ಊರು ಸರಿಹೋದರೆ ಬಾವಲಿ ವೇಷ ಹಾಕಿಕೊಂಡು ರಾತ್ರಿ ಮಹಡಿಯಿಂದ ಮಹಡಿಗೆ ಹಾರುವವನು ಯಾರಿಗೆ ಬೇಕು? ಬ್ಯಾಟ್‌ಮ್ಯಾನ್ ಬರಬೇಕು ಅಂದರೆ ಗಾರ್ಡನ್ ಸೋಲಲೇಬೇಕು. ಒಂದು ಸಲ ಅಲ್ಲ, ನೂರು ಎಪಿಸೋಡ್ ಉದ್ದಕ್ಕೂ. ಅವನು ಒಬ್ಬ ವಿಲನ್‌ನನ್ನು ಹಿಡಿದು ಹಾಕಿದರೂ ಆ ವಿಲನ್ ಮುಂದೆ ಬ್ಯಾಟ್‌ಮ್ಯಾನ್‌ಗೆ ಬೇಕಾದವನು. ಕೊಲ್ಲುವ ಹಾಗಿಲ್ಲ, ಶಾಶ್ವತವಾಗಿ ಒಳಗೆ ಹಾಕುವ ಹಾಗೂ ಇಲ್ಲ. ಪಾಪ, ಕೈಕಾಲು ಕಟ್ಟಿ ಕಣಕ್ಕೆ ಇಳಿಸಿದ ಹಾಗೆ.

ಸೀರಿಯಲ್ ಮಾಡಿದವರಿಗೆ ಎರಡು ದಾರಿ ಇತ್ತು. ಸೋಲುತ್ತೇನೆ ಅಂತ ಗೊತ್ತಿಲ್ಲದೆ ಹೋರಾಡುವ ಮನುಷ್ಯನ ಕಥೆಯನ್ನೇ ಧೈರ್ಯವಾಗಿ ಹೇಳಬಹುದಿತ್ತು. ಅದು ದುಃಖದ ಕಥೆ, ಆದರೆ ದೊಡ್ಡ ಕಥೆ. ಅವರು ಆ ದಾರಿ ಹಿಡಿಯಲಿಲ್ಲ. ಬದಲಿಗೆ ಮೊದಲ ಎಪಿಸೋಡಿನಲ್ಲೇ ವೇನ್ ದಂಪತಿಯ ಕೊಲೆ ಆಯಿತು. ಅವರ ಮಗ, ಮುಂದೆ ಬ್ಯಾಟ್‌ಮ್ಯಾನ್ ಆಗಲಿರುವ 12 ವರ್ಷದ ಬ್ರೂಸ್ ಎದುರು ಗಾರ್ಡನ್, ಕೊಂದವನನ್ನು ಹಿಡಿದೇ ಹಿಡಿಯುತ್ತೇನೆ ಅಂತ ಮಾತು ಕೊಟ್ಟ. ಅಲ್ಲಿಗೆ ಗಡಿಯಾರ ಓಡತೊಡಗಿತು. ನಮ್ಮ ಕಣ್ಣು ಗಾರ್ಡನ್ ಮೇಲಿಂದ ಜಾರಿ ಹುಡುಗನ ಮೇಲೆ ಹೋಯಿತು. ಇವನು ಯಾವಾಗ ಬೆಳೆಯುತ್ತಾನೆ? ಮುಖವಾಡ ಯಾವಾಗ? ನೀವು ಐದು ಸೀಸನ್ ಕಾದಿದ್ದು ನಿಮ್ಮ ತಪ್ಪಲ್ಲ. ಕಾಯಿರಿ ಅಂತ ಮೊದಲ ದಿನವೇ ಅವರೇ ಕೂರಿಸಿದರು. ಈ ಮಟ್ಟಿಗೆ ನಿಮ್ಮ 'ಮೋಸ' ಅನ್ನುವ ಮಾತಿಗೆ ನನ್ನ ಓಟು ಇದೆ.

ಇನ್ನೊಂದು ಸಣ್ಣ ತಮಾಷೆ. ಬ್ರೂಸ್ ಇನ್ನೂ ಹುಡುಗ ಆಗಿರುವಾಗಲೇ ಪೆಂಗ್ವಿನ್, ರಿಡ್ಲರ್ ಥರದ ವಿಲನ್‌ಗಳೆಲ್ಲರೂ ದೊಡ್ಡವರು. ಇವನು ಮುಖವಾಡ ತೊಡುವ ಹೊತ್ತಿಗೆ ಅವರಿಗೆಲ್ಲ ಮಂಡಿನೋವು ಶುರುವಾಗಿರಬೇಕು. ಬ್ಯಾಟ್‌ಮ್ಯಾನ್ ತನ್ನ ಚಿಕ್ಕಪ್ಪಂದಿರ ವಯಸ್ಸಿನವರನ್ನು ಹೊಡೆಯುವುದನ್ನು ಕಲ್ಪಿಸಿಕೊಂಡು ನಮ್ಮ ಕಚೇರಿಯಲ್ಲಿ ಒಂದು ಮಧ್ಯಾಹ್ನವೇ ಹಾಳಾಯಿತು.

ಹಾಗಾದರೆ ಕೊನೆ ಗೊತ್ತಿರುವ ಕಥೆಯೇ ಬೇಡವಾ? ಹಾಗೂ ಅಲ್ಲ. ಕರ್ಣ ಸಾಯುತ್ತಾನೆ ಅಂತ ಯಾರಿಗೆ ಗೊತ್ತಿಲ್ಲ? ಆದರೂ ಅವನು ಕವಚ ಕಿತ್ತುಕೊಡುವಾಗ 'ಬೇಡ ಕಣೋ' ಅಂತ ಒಳಗೆ ಯಾರೋ ಕೂಗುತ್ತಾರೆ. ಗೊತ್ತಿದ್ದೇ ನೋಡುವುದಕ್ಕೆ ಅದರದೇ ರುಚಿ ಇದೆ. 2001ರಲ್ಲಿ ಬಂದ 'ಸ್ಮಾಲ್‌ವಿಲ್', ಮುಂದೆ ಸೂಪರ್‌ಮ್ಯಾನ್ ಆಗುವ ಕ್ಲಾರ್ಕ್ ಕೆಂಟ್‌ನ ಹರೆಯದ ಕಥೆ, ಒಂದಿಷ್ಟು ವರ್ಷ ಇದನ್ನು ಬಹಳ ಚೆನ್ನಾಗಿ ಮಾಡಿತು. ಅದರಲ್ಲಿ ಹೀರೋ ಇದ್ದಾನೆ, ಹೀರೋನ ವೇಷ ಮಾತ್ರ ಇಲ್ಲ. ಬಿಗಿ ಬಟ್ಟೆಯೂ ಬೇಡ, ಹಾರಾಟವೂ ಬೇಡ ಅಂತ ಮಾಡಿದವರೇ ನಿಯಮ ಹಾಕಿಕೊಂಡಿದ್ದರು. ಆದರೆ ನಾನು ವಾರವಾರ ಕಾದು ಕೂತಿದ್ದು ಕ್ಲಾರ್ಕ್ ಕೆಂಟ್‌ಗಾಗಿ ಅಲ್ಲ, ಲೆಕ್ಸ್ ಲೂಥರ್‌ಗಾಗಿ. ಮೈಕೆಲ್ ರೋಸನ್‌ಬಾಮ್ ಮಾಡಿದ ಆ ಲೆಕ್ಸ್‌ಗೆ ಕ್ಲಾರ್ಕ್ ಮೇಲೆ ನಿಜವಾದ ಪ್ರೀತಿ. ಒಳ್ಳೆಯವನಾಗಬೇಕು ಅನ್ನುವ ಆಸೆಯೂ ನಿಜ. ಇಬ್ಬರೂ ನಗುತ್ತಾ ಮಾತಾಡುವ ಪ್ರತಿ ದೃಶ್ಯದಲ್ಲೂ, ಇವರು ಮುಂದೆ ಕತ್ತು ಹಿಸುಕುವ ವೈರಿಗಳು ಅನ್ನುವುದು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಕ್ಲಾರ್ಕ್ ಹೇಳಿದ ಒಂದೊಂದು ಸುಳ್ಳೂ ಲೆಕ್ಸ್‌ನನ್ನು ಒಂದೊಂದು ಮೆಟ್ಟಿಲು ಕೆಳಗೆ ಇಳಿಸುತ್ತದೆ. ಹಾಗೆ ನೋಡಿದರೆ ಆ ವಿಲನ್‌ನನ್ನು ತಯಾರು ಮಾಡಿದ್ದರಲ್ಲಿ ಹೀರೋನ ಪಾಲೂ ಇದೆ. ಇಂಥ ಮಾತು ಹೇಳಲು ಪ್ರೀಕ್ವೆಲ್ಲೇ ಬೇಕು.

ಆಮೇಲೆ ಏನಾಯಿತು ನೋಡಿ. ಸೀರಿಯಲ್ ಹತ್ತು ಸೀಸನ್ ಎಳೆಯಿತು. ಏಳನೆಯ ಸೀಸನ್ ಮುಗಿಸಿ ರೋಸನ್‌ಬಾಮ್ ಹೊರಟುಹೋದರು. 2011ರ ಕೊನೆಯ ಎಪಿಸೋಡಿಗೆ ಮತ್ತೆ ಬಂದರು. ಆದರೆ ಒಂದು ತೊಡಕು. ಮುಂದಿನ ಸೂಪರ್‌ಮ್ಯಾನ್ ಕಥೆಯಲ್ಲಿ ಕ್ಲಾರ್ಕ್ ಯಾರು ಅನ್ನುವುದು ಲೆಕ್ಸ್‌ಗೆ ಗೊತ್ತಿರಬಾರದು. ಇಲ್ಲಿ ಅವನಿಗೆ ಎಲ್ಲವೂ ಗೊತ್ತು. ಏನು ಮಾಡುವುದು? ಅವನ ಮುಖಕ್ಕೆ ಒಂದು ವಿಷ ಹಚ್ಚಿಸಿ ನೆನಪನ್ನೇ ಅಳಿಸಿಹಾಕಿದರು! ಇಷ್ಟು ವರ್ಷದ ಸ್ನೇಹ, ದ್ವೇಷ, ನಾವು ಕೂತು ನೋಡಿದ ಅಷ್ಟೂ ಕಥೆ, ಒಂದೇ ನಿಮಿಷದಲ್ಲಿ ಒರೆಸಿದ ಸ್ಲೇಟು. ಕ್ಲಾರ್ಕ್ ಆಗಿದ್ದ ಟಾಮ್ ವೆಲಿಂಗ್ ಸೂಪರ್‌ಮ್ಯಾನ್‌ನ ಪೂರ್ತಿ ಸೂಟಿನಲ್ಲಿ ಒಮ್ಮೆಯೂ ಸರಿಯಾಗಿ ಕಾಣಿಸಲಿಲ್ಲ ಅಂತ ಆಗ ಜನ ಗೋಳಾಡಿದರು. ನನಗೆ ಸೂಟಿನ ಚಿಂತೆ ಇರಲಿಲ್ಲ. ಆ ಒರೆಸಿದ ಸ್ಲೇಟನ್ನು ಇವತ್ತಿಗೂ ಕ್ಷಮಿಸಿಲ್ಲ.

ಹೆಸರಾಂತ ಹೀರೋ ಹೊರಗಿಂದಲೇ ಕಥೆಯ ಕೈ ತಿರುಚುವುದು ಅಂದರೆ ಇದು. ಗಾಥಮ್‌ನಲ್ಲೂ ಇದೇ ಗೋಳು. ಜೆರೋಮ್ ಅಂತ ಒಬ್ಬ ಬರುತ್ತಾನೆ. ನಗು, ಹುಚ್ಚು, ಎಲ್ಲ ಬ್ಯಾಟ್‌ಮ್ಯಾನ್‌ನ ದೊಡ್ಡ ವೈರಿ ಜೋಕರ್‌ನದೇ. ಆದರೆ ಜೋಕರ್ ಅನ್ನುವ ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ. ಅವನು ಸತ್ತ ಮೇಲೆ ಅವನ ಅವಳಿ ಸೋದರ ಜೆರೆಮಾಯ. ಹೆಸರು ಅವನಿಗೂ ಸಿಗಲಿಲ್ಲ.

'ಪೆನಿವರ್ತ್' ಬಗ್ಗೆ ಜಾಸ್ತಿ ಹೇಳುವುದಿಲ್ಲ. 2019ರಿಂದ ಮೂರು ಸೀಸನ್ ಬಂತು. ಬ್ಯಾಟ್‌ಮ್ಯಾನ್ ಮನೆಯ ಬಟ್ಲರ್ ಆಲ್‌ಫ್ರೆಡ್‌ನ ಯೌವನದ ಕಥೆ. ಬೇರೆಯೇ ಥರದ ಲಂಡನ್, ಒಳ್ಳೆಯ ಹೊಡೆದಾಟ, ಒಳ್ಳೆಯ ಕೋಟುಗಳು. ಬಟ್ಲರ್ ಹೆಸರು ತೆಗೆದು ಬೇರೆ ಹೆಸರು ಇಟ್ಟಿದ್ದರೂ ಕಥೆಗೆ ಏನೂ ಆಗುತ್ತಿರಲಿಲ್ಲ. ಅದು ಅದರ ಗುಣವೋ ದೋಷವೋ, ನೀವೇ ನೋಡಿ ಹೇಳಿ. ಮೂರನೆಯ ಸೀಸನ್ನಿಗೆ ಗಾಬರಿಬಿದ್ದು ಹೆಸರಿನ ಮುಂದೆ 'ಬ್ಯಾಟ್‌ಮ್ಯಾನ್ ಬಟ್ಲರ್‌ನ ಮೂಲ' ಅನ್ನುವ ಅರ್ಥದ ಬಾಲ ಸೇರಿಸಿದರು. ಅದೇ ಕೊನೆಯ ಸೀಸನ್ ಆಯಿತು.

'ಕ್ರಿಪ್ಟನ್' (2018-19) ಕಂಡರೆ ಮಾತ್ರ ನನಗೆ ಮರುಕ. ಸೂಪರ್‌ಮ್ಯಾನ್ ಹುಟ್ಟಿದ, ಮುಂದೆ ಸಿಡಿದುಹೋಗುವ ಗ್ರಹದಲ್ಲಿ ಅವನ ಅಜ್ಜ ಸೆಗ್-ಎಲ್‌ನ ಕಥೆ. ಮನೆತನದ ಹೆಸರು ಕಳೆದುಕೊಂಡು ಕೆಳಗೆ ಬಿದ್ದ ಹುಡುಗ, ಮೇಲು ಕೀಳಿನ ಗೋಡೆಗಳ ಊರು. ಅಷ್ಟೇ ಸಾಕಿತ್ತು. ಆದರೆ ಮೊದಲ ಎಪಿಸೋಡಿನಲ್ಲೇ ಮುಂದಿನ ಕಾಲದಿಂದ ಆಡಮ್ ಸ್ಟ್ರೇಂಜ್ ಅನ್ನುವವನು ಸೂಪರ್‌ಮ್ಯಾನ್‌ನ ಕೆಂಪು ಕೇಪ್ ಹಿಡಿದು ಬಂದುಬಿಟ್ಟ. 'ನಿನ್ನ ಮೊಮ್ಮಗ ದೊಡ್ಡ ಮನುಷ್ಯ ಆಗುತ್ತಾನೆ, ಅವನನ್ನು ಉಳಿಸು' ಅನ್ನುವುದು ಅವನು ತಂದ ಸುದ್ದಿ. ಕಾಲ ಕೆಡುತ್ತಾ ಹೋದ ಹಾಗೆ ಆ ಕೇಪ್ ಕರಗುತ್ತದೆ. ಉಪಾಯ ಜಾಣತನದ್ದೇ. ಆಗಿಹೋದ ಕಥೆಯೂ ಬದಲಾಗಬಹುದು ಅನ್ನುವ ಭಯ ಹುಟ್ಟಿಸುತ್ತದೆ. ಆದರೆ ಆ ಕ್ಷಣದಿಂದ ಸೆಗ್ ಬದುಕಿಗೆ ಅವನದೇ ಅಂತ ಒಂದು ಕೆಲಸ ಉಳಿಯಲಿಲ್ಲ. ಅಜ್ಜನಾಗುವುದೊಂದೇ ಕೆಲಸ. ಇಪ್ಪತ್ತು ಎಪಿಸೋಡಿಗೆ ಸೀರಿಯಲ್ ನಿಂತಿತು. ಗ್ರಹ ಸಿಡಿಯುವ ತನಕವೂ ಹೋಗಲಿಲ್ಲ.

ಮತ್ತೆ ಯಾಕೆ ಮಾಡುತ್ತಾರೆ ಅಂತ ಕೇಳಬಹುದು. ಲೆಕ್ಕ ಸರಳ. ದೊಡ್ಡ ಹೀರೋಗಳನ್ನು ಸ್ಟುಡಿಯೋಗಳು ಸಿನಿಮಾಕ್ಕೆ ಅಂತ ಎತ್ತಿಟ್ಟುಕೊಳ್ಳುತ್ತವೆ. ಸ್ಮಾಲ್‌ವಿಲ್‌ಗಿಂತ ಮೊದಲು ಅವರ ಕೈಯಲ್ಲಿದ್ದ ಯೋಚನೆ ಹರೆಯದ ಬ್ರೂಸ್ ವೇನ್‌ನದೇ. ಬ್ಯಾಟ್‌ಮ್ಯಾನ್ ಸಿನಿಮಾದ ಯೋಜನೆ ಇದೆ ಅಂತ ಅದು ಬಿತ್ತು, ಕ್ಲಾರ್ಕ್‌ಗೆ ಅವಕಾಶ ಬಂತು. ಟಿವಿಗೆ ಸಿಗುವುದು ಮಿಕ್ಕವರು: ಅಜ್ಜ, ಬಟ್ಲರ್, ಪೊಲೀಸ್.

ಆದರೆ ಮಿಕ್ಕವರಲ್ಲೇ ಒಬ್ಬಳು ಗೆದ್ದಿದ್ದಾಳೆ. 2015ರ 'ಏಜೆಂಟ್ ಕಾರ್ಟರ್'. ನೆಟ್ಟಗೆ ಹೇಳಬೇಕಂದರೆ ಇದು ಮೊದಲ ಕ್ಯಾಪ್ಟನ್ ಅಮೆರಿಕಾ ಸಿನಿಮಾದ ನಂತರದ ಕಥೆ, ಮಿಕ್ಕ ಮಾರ್ವೆಲ್ ಕಥೆಗಳಿಗೆ ಹಿಂದಿನದು. ಇಲ್ಲಿ ಹೀರೋ 'ಇನ್ನೂ ಬಂದಿಲ್ಲ' ಅಲ್ಲ, 'ಹೊರಟುಹೋದ'. ಎಲ್ಲ ವ್ಯತ್ಯಾಸವೂ ಇಲ್ಲೇ ಇದೆ ಅಂತ ನನ್ನ ಅಂದಾಜು. 1946ರ ನ್ಯೂಯಾರ್ಕ್. ಯುದ್ಧ ಮುಗಿದಿದೆ. ಕ್ಯಾಪ್ಟನ್ ಅಮೆರಿಕಾ ಆಗಿದ್ದ ಸ್ಟೀವ್ ರಾಜರ್ಸ್ ಸತ್ತ ಅಂತಲೇ ಎಲ್ಲರ ನಂಬಿಕೆ. ಅವನನ್ನು ಪ್ರೀತಿಸಿದ ಪೆಗ್ಗಿ ಕಾರ್ಟರ್ ಗುಪ್ತಚರ ಕಚೇರಿಯಲ್ಲಿ ಕೆಲಸಕ್ಕಿದ್ದಾಳೆ. ಯುದ್ಧದಲ್ಲಿ ಗುಂಡು ಹಾರಿಸಿದವಳ ಕೈಗೆ ಇಲ್ಲಿ ಕೊಡುವುದು ಫೈಲು ಜೋಡಿಸುವ ಕೆಲಸ, ಕಾಫಿ ತರುವ ಕೆಲಸ. ಕ್ಯಾಪ್ಟನ್‌ನ ಗೆಳತಿ ಅನ್ನುವುದೊಂದೇ ಅವಳ ಗುರುತು.

ಎರಡನೆಯ ಎಪಿಸೋಡಿನಲ್ಲಿ ಒಂದು ಜಾಗ ಇದೆ. ರೇಡಿಯೋದಲ್ಲಿ ಕ್ಯಾಪ್ಟನ್ ಅಮೆರಿಕಾ ನಾಟಕ ಬರುತ್ತಿದೆ. ಅದರಲ್ಲಿ ಪೆಗ್ಗಿಯ ಹೋಲಿಕೆಯ ಬೆಟ್ಟಿ ಅನ್ನುವ ಹೆಂಗಸು 'ಅಯ್ಯೋ ಕಾಪಾಡಿ' ಅಂತ ಚೀರುತ್ತಾಳೆ. ಅದೇ ಹೊತ್ತಿಗೆ ನಿಜವಾದ ಪೆಗ್ಗಿ ಒಬ್ಬ ರೌಡಿಯನ್ನು ಹಿಡಿದು ಚಚ್ಚುತ್ತಿದ್ದಾಳೆ. ರೇಡಿಯೋ ಸ್ಟುಡಿಯೋದಲ್ಲಿ ಮಾಡುವ ಹೊಡೆತದ ಸದ್ದಿಗೂ ಇಲ್ಲಿ ಬೀಳುವ ಏಟಿಗೂ ತಾಳ ಕೂಡುತ್ತದೆ. ನಾನು ಬಿದ್ದು ಬಿದ್ದು ನಕ್ಕೆ. ಆಮೇಲೆ ಹೊಟ್ಟೆಯೊಳಗೆ ಏನೋ ಚುಚ್ಚಿತು. ಹೀರೋನ ಹೆಸರು ಈ ಹೆಂಗಸಿನ ಬದುಕನ್ನು ಹೇಗೆ ಮುಚ್ಚಿಹಾಕಿದೆ ಅನ್ನುವುದನ್ನು ಹೀರೋ ಇಲ್ಲದೆಯೇ ತೋರಿಸಿದ್ದಾರೆ. ಅವನು ಬಂದು ಬಾಗಿಲಲ್ಲಿ ನಿಂತಿದ್ದರೆ ಈ ದೃಶ್ಯವೇ ಸಾಯುತ್ತಿತ್ತು.

ಮೊದಲ ಸೀಸನ್ ಕೊನೆಗೆ ಅವಳ ಕೈಗೆ ಸ್ಟೀವ್‌ನ ರಕ್ತದ ಕೊನೆಯ ಸೀಸೆ ಸಿಗುತ್ತದೆ. ಬ್ರೂಕ್ಲಿನ್ ಸೇತುವೆ ಮೇಲೆ ನಿಂತು ಅದನ್ನು ನದಿಗೆ ಸುರಿಯುತ್ತಾಳೆ. ಅವನು ತೆರೆಯ ಮೇಲೆ ಇಲ್ಲದಿದ್ದರೂ ಆ ಎಂಟು ಎಪಿಸೋಡಿನಲ್ಲಿ ಅವನಷ್ಟು ಗಟ್ಟಿಯಾಗಿ ಇದ್ದವರು ಇನ್ನೊಬ್ಬರಿಲ್ಲ. ಪೆಗ್ಗಿ ಮುದುಕಿಯಾಗುವ ತನಕ ಬದುಕುತ್ತಾಳೆ ಅಂತ ಸಿನಿಮಾದಲ್ಲಿ ಮೊದಲೇ ನೋಡಿದ್ದೆವು, ಆದರೂ ಬಿಗಿ ಸಡಿಲವಾಗಲಿಲ್ಲ. ಯಾಕೆಂದರೆ ಬದುಕುತ್ತಾಳಾ ಅನ್ನುವುದು ಕಥೆಯ ಪ್ರಶ್ನೆಯೇ ಆಗಿರಲಿಲ್ಲ. ಹದಿನೆಂಟೇ ಎಪಿಸೋಡ್. 2016ರಲ್ಲಿ ನಿಲ್ಲಿಸಿಬಿಟ್ಟರು. ಚೆನ್ನಾಗಿ ಮಾಡಿದರೆ ಜನ ಬಂದೇ ಬರುತ್ತಾರೆ ಅಂತ ನಾನೇನೂ ಹೇಳುತ್ತಿಲ್ಲ.

ನೀವು ಓದುವವರಾದರೆ 'ಗಾಥಮ್ ಸೆಂಟ್ರಲ್' ಅನ್ನುವ ಕಾಮಿಕ್ಸ್ ಇದೆ. ನಲವತ್ತು ಸಂಚಿಕೆ. ಎಡ್ ಬ್ರೂಬೇಕರ್ ಮತ್ತು ಗ್ರೆಗ್ ರಕಾ ಬರೆದದ್ದು. ಪ್ರೀಕ್ವೆಲ್ ಅಲ್ಲ, ಬ್ಯಾಟ್‌ಮ್ಯಾನ್ ಊರಿನಲ್ಲೇ ಇದ್ದಾನೆ, ಆದರೆ ಕಥೆ ಪೂರ್ತಿ ಪೊಲೀಸರದು. ಬ್ಯಾಟ್‌ಮ್ಯಾನ್‌ನನ್ನು ಕರೆಯಲು ಆಕಾಶಕ್ಕೆ ಬಿಡುವ, ಮಹಡಿಯ ಮೇಲಿನ ಬಾವಲಿ ದೀಪವನ್ನು ಪೊಲೀಸರು ತಾವೇ ಹಾಕುವ ಹಾಗಿಲ್ಲ. ಕಾನೂನಿನ ಲೆಕ್ಕದಲ್ಲಿ ಅವರಿಗೂ ಬ್ಯಾಟ್‌ಮ್ಯಾನ್‌ಗೂ ಸಂಬಂಧವೇ ಇಲ್ಲ. ಅದಕ್ಕೆ ಕಚೇರಿಯಲ್ಲಿರುವ, ಪೊಲೀಸ್ ಅಲ್ಲದ ಒಬ್ಬ ಹುಡುಗಿ ಬಂದು ಸ್ವಿಚ್ ಹಾಕಬೇಕು. ಹಾಕಿಸಿದ ಪತ್ತೇದಾರರ ಮುಖ ನೋಡಬೇಕು. ಇನ್ನು ನಮ್ಮ ಕೈಯಲ್ಲಿ ಆಗುವುದಿಲ್ಲ ಅಂತ ಒಪ್ಪಿಕೊಂಡ ಮುಖ ಅದು. ನೂರು ಎಪಿಸೋಡಿನಲ್ಲಿ ಜಿಮ್ ಗಾರ್ಡನ್‌ಗೆ ಸಿಗದ ದೃಶ್ಯ ಇದು.

2024ರ 'ದ ಪೆಂಗ್ವಿನ್' ಕೂಡ ಪ್ರೀಕ್ವೆಲ್ ಅಲ್ಲ, ಆದರೆ ನಿಮ್ಮ ಪ್ರಶ್ನೆಗೆ ಹತ್ತಿರದ್ದು. ಎಂಟು ಎಪಿಸೋಡ್, ಬ್ಯಾಟ್‌ಮ್ಯಾನ್ ಇಲ್ಲ, ಕಟ್ಟಕಡೆಗೆ ಆಕಾಶದಲ್ಲಿ ದೀಪ ಮಾತ್ರ. ಸೋಫಿಯಾ ಫಾಲ್ಕೋನ್ ಆಗಿ ಕ್ರಿಸ್ಟಿನ್ ಮಿಲಿಯೋಟಿ ಮಾಡಿದ್ದನ್ನು ನೋಡಿ, ಅವರಿಗೆ ಎಮ್ಮಿ ಪ್ರಶಸ್ತಿಯೂ ಬಂತು. ನೋಡುವಾಗ 'ಬ್ಯಾಟ್‌ಮ್ಯಾನ್ ಎಲ್ಲಿ' ಅಂತ ನನಗೆ ಒಂದು ಸಲವೂ ಅನ್ನಿಸಲಿಲ್ಲ. ಬಂದುಬಿಟ್ಟಾನು ಅನ್ನುವ ಹೆದರಿಕೆಯೇ ಇತ್ತು.

ಇನ್ನು ನಿಮ್ಮ ತಮ್ಮ. ನಿಲ್ಲಿಸಬೇಡಿ. ಗಾಥಮ್‌ನಲ್ಲಿ ಮುಂದೇನು ಅಂತ ಯಾವ ಕಾಮಿಕ್ಸೂ ಹೇಳಿಕೊಡದ ಜನ ಇದ್ದಾರೆ. ಸೀರಿಯಲ್ಲಿಗಾಗಿಯೇ ಹುಟ್ಟಿದ ಗೂಂಡಾ ನಾಯಕಿ ಫಿಶ್ ಮೂನಿ ಇದ್ದಾಳೆ. ಕಾಮಿಕ್ಸ್‌ನಲ್ಲಿ ಗಾರ್ಡನ್ ಹೆಂಡತಿಯಾಗಿ ಸುಮ್ನೆ ಇರುವ ಬಾರ್ಬರಾ ಇಲ್ಲಿ ಯಾವ ದಾರಿ ಹಿಡಿಯುತ್ತಾಳೆ ಅನ್ನುವುದು ಅವನಿಗೆ ಇನ್ನೂ ಗೊತ್ತಿರಲಿಕ್ಕಿಲ್ಲ, ದಯವಿಟ್ಟು ಹೇಳಬೇಡಿ. ರಾಬಿನ್ ಲಾರ್ಡ್ ಟೇಲರ್‌ನ ಕುಂಟು ಪೆಂಗ್ವಿನ್, ಕೊಡೆ ಹಿಡಿಯುವ ಕೆಲಸದಿಂದ ಮೇಲಕ್ಕೆ ತೆವಳುವುದು ಮೊದಲ ಸೀಸನ್ನಿನ ನಿಜವಾದ ಕಥೆ. ತಮ್ಮನನ್ನು ಒಂದೇ ಮಾತು ಕೇಳಿ: ಯಾರು ಬಂದಾಗ ಫೋನ್ ಕೆಳಗಿಟ್ಟು ನೋಡುತ್ತೀಯಾ ಅಂತ. 'ಬ್ರೂಸ್' ಅಂದರೆ ಪಾಪ, ಅವನೂ ನಿಮ್ಮ ಹಾಗೆ ಕಾಯಬೇಕು. 'ಪೆಂಗ್ವಿನ್' ಅಂದರೆ ಅವನ ಪಾಡಿಗೆ ಬಿಡಿ. ಏನಂದ ಅಂತ ನಮಗೂ ಒಂದು ಸಾಲು ಬರೆಯಿರಿ.

ನಿಮ್ಮ,
ಸಂಪಾದಕ