ವೇಷ ಬದಲಾಗದಿದ್ದರೇನು, ಮೇಷ್ಟ್ರೇ?

ಪತ್ರ: “ಹೋದ ಸಂಚಿಕೆಯಲ್ಲಿ ಅನಂತ್ ನಾಗ್ ಅವರನ್ನು ಬಹುಮುಖ ನಟ ಎಂದು ಹೊಗಳಿದ್ದೀರಿ. ಒಳ್ಳೆಯ ನಟರು, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಯಾವ ಸಿನಿಮಾ ನೋಡಿದರೂ ಅದೇ ಮುಖ, ಅದೇ ದನಿ, ಅದೇ ನಗು. ಸರ್ವಿಸ್ ಪೂರ್ತಿ ಹೈಸ್ಕೂಲು ಮಕ್ಕಳಿಗೆ ನಾಟಕ ಮಾಡಿಸಿದವನು ನಾನು. ವೇಷ ಕಟ್ಟಿದ ಮೇಲೆ ಒಳಗಿರುವವನು ಯಾರು ಅಂತ ಗೊತ್ತಾಗಬಾರದು. ಅದಕ್ಕೆ ಬಹುಮುಖ ಅಂತಾರೆ. ಸಾಲದ್ದಕ್ಕೆ ಟೀವಿ ಧಾರಾವಾಹಿಗೆ ಅರ್ಧ ಪುಟ ದಂಡ ಮಾಡಿದ್ದೀರಿ. ಸಿನಿಮಾದಲ್ಲಿ ಕೆಲಸ ಕಡಿಮೆಯಾದವರು ಹೋಗುವ ಜಾಗ ಅದು.” — ಒಬ್ಬ ನಿವೃತ್ತ ಮೇಷ್ಟ್ರು, ಶಿವಮೊಗ್ಗ ಜಿಲ್ಲೆ

ಸಂಪಾದಕರ ಉತ್ತರ: ಮೇಷ್ಟ್ರೇ, ನಮಸ್ಕಾರ. ಎರಡು ಪುಟ, ಎರಡೂ ಬದಿ, ಅಂಚು ಬಿಟ್ಟು, ಮುದ್ದಾದ ಅಕ್ಷರದಲ್ಲಿ ಬೈದು ಬರೆದಿದ್ದೀರಿ. ಇಂಥ ಕಾಗದ ಈಗ ನಮ್ಮ ಕಚೇರಿಗೆ ಅಪರೂಪ. ಅದಕ್ಕೇ ಎರಡು ಸಾಲಿನಲ್ಲಿ ಧನ್ಯವಾದ ಹೇಳಿ ಮುಗಿಸಲು ಮನಸ್ಸು ಬರಲಿಲ್ಲ. ಮೇಲಾಗಿ, ನೀವು ಕೈ ಹಾಕಿರುವುದು ನನ್ನ ಹಳೇ ಹುಣ್ಣಿಗೆ.

ಮೊದಲು ನಿಮ್ಮ ಮಾತಿನಲ್ಲಿ ನಿಜ ಇರುವಷ್ಟನ್ನು ಒಪ್ಪಿಬಿಡುತ್ತೇನೆ. ವೇಷ ಸಣ್ಣ ವಿದ್ಯೆಯಲ್ಲ. ಯಕ್ಷಗಾನದ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಕೋಣೆಯಲ್ಲಿ, ಗಂಟೆಗಟ್ಟಲೆ ಕೂತು ಮುಖಕ್ಕೆ ಅಕ್ಕಿಹಿಟ್ಟಿನ ಚುಟ್ಟಿ ಇಡುವ ಬಣ್ಣದ ವೇಷದ ರಾಕ್ಷಸ ಪಾತ್ರದವರ ಮುಂದೆ ಯಾವ ಸಿನಿಮಾ ಮೇಕಪ್ಪೂ ನಿಲ್ಲುವುದಿಲ್ಲ. 1977ರ ‘ಬಬ್ರುವಾಹನ’ದಲ್ಲಿ ರಾಜ್‌ಕುಮಾರ್ ಅಪ್ಪನೂ ಆಗಿ ಮಗನೂ ಆಗಿ ಎದುರುಬದುರು ನಿಂತಾಗ ಕಿರೀಟ, ಮೀಸೆ, ಒಡವೆ ಎಲ್ಲವೂ ಅವರ ನೆರವಿಗಿದ್ದವು. ಕಮಲ್ ಹಾಸನ್ 2008ರಲ್ಲಿ ಒಂದೇ ಚಿತ್ರದಲ್ಲಿ ಹತ್ತು ವೇಷ ಹಾಕಿದರು. ಜನ ಬೆರಳು ಮಡಿಸಿ ಎಣಿಸಿದರು. ಸರಿ, ಇಷ್ಟು ಸಾಕು. ಗುರುತು ಸಿಗದಂತೆ ಮಾಡಿದ್ದಕ್ಕೆ ಪ್ರಶಸ್ತಿ ಕೊಡುವುದಾದರೆ ಅದು ಮೇಕಪ್‌ನವರಿಗೆ ಸಲ್ಲಬೇಕು. ರಾಷ್ಟ್ರಪ್ರಶಸ್ತಿಯಲ್ಲಿ ಅವರಿಗೆ ಬೇರೆ ವಿಭಾಗವೇ ಇದೆ.

ಈಗ ಅದೇ ಮುಖದ ವಿಷಯಕ್ಕೆ ಬರೋಣ. 1974ರ ಶ್ಯಾಮ್ ಬೆನಗಲ್ ಅವರ ‘ಅಂಕುರ್’ ನೋಡಿದ್ದೀರಾ? ನೋಡಿರುತ್ತೀರಿ, ಆದರೆ ಶಬಾನಾ ಆಜ್ಮಿಯವರನ್ನು ನೋಡಿರುತ್ತೀರಿ. ಎಲ್ಲರೂ ಹಾಗೇ ಮಾಡುತ್ತಾರೆ. ಪಟ್ಟಣದಲ್ಲಿ ಓದಿ ಬಂದ ಜಮೀನ್ದಾರನ ಮಗ ಸೂರ್ಯನ ಪಾತ್ರ ಅನಂತ್ ನಾಗ್ ಅವರದು. ನನಗೆ ಜಾತಿಗೀತಿ ಇಲ್ಲ ಎಂದು ಕೆಲಸದ ಲಕ್ಷ್ಮಿಯ (ಶಬಾನಾ) ಕೈಯಲ್ಲಿ ಟೀ ಮಾಡಿಸಿಕೊಂಡು ಕುಡಿಯುವವನು ಇವನು. ಅವಳು ಬಸುರಿಯಾದ ಮೇಲೆ ಮುಖ ತಿರುಗಿಸುವವನೂ ಇವನೇ. ಕೊನೆಗೆ ಅವಳ ಮೂಕ ಗಂಡ ಕೆಲಸ ಕೇಳಲು ಬರುತ್ತಾನೆ. ಸೂರ್ಯ ಅವನು ಸೇಡಿಗೆ ಬಂದ ಅಂದುಕೊಂಡು ಚಾವಟಿಯಲ್ಲಿ ಬಾರಿಸುತ್ತಾನೆ. ಆ ಹೊಡೆತವನ್ನು ಗಮನಿಸಿ ನೋಡಿ. ಬಲ ಇರುವವನ ಹೊಡೆತ ಅದಲ್ಲ, ಹೆದರಿದವನ ಹೊಡೆತ. ಆಮೇಲೆ ಅವನು ಮನೆಯೊಳಗೆ ಓಡಿ ಬಾಗಿಲು ಹಾಕಿಕೊಳ್ಳುತ್ತಾನೆ. ಹೊರಗೆ ಲಕ್ಷ್ಮಿ ಶಪಿಸುತ್ತಿದ್ದಾಳೆ. ಇವನಿಗೆ ಅಲ್ಲಿ ಮಾತೇ ಇಲ್ಲ. ಮೈಯೆಲ್ಲ ಕಿವಿಯಾಗಿ ನಿಂತಿದ್ದಾನೆ, ಅಷ್ಟೇ. ನಾಯಕನಾಗಬೇಕೆಂದು ಹೊರಟ ಹುಡುಗ ಆರಂಭದಲ್ಲೇ ಇಂಥ ಹೇಡಿಯ ಪಾತ್ರ ಒಪ್ಪಿಕೊಂಡಿದ್ದ. ಪ್ರೇಕ್ಷಕ ನನ್ನನ್ನು ಮೆಚ್ಚಲಿ ಅನ್ನುವ ಒಂದೇ ಒಂದು ನೋಟ ಆ ಚಿತ್ರದಲ್ಲಿ ಇಲ್ಲ.

ಮರುವರ್ಷವೇ ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’. ತ.ರಾ.ಸು. ಅವರ ಕಾದಂಬರಿ, ಚಿತ್ರದುರ್ಗದ ಕಲ್ಲುಗಳು, ಸಂಗೀತವೇ ಉಸಿರಾದ ಭೈರವಿ ವೆಂಕಟಸುಬ್ಬಯ್ಯ. ಅದೇ ಮೂಗು, ಅದೇ ಕಣ್ಣು, ಮೇಷ್ಟ್ರೇ. ಆದರೆ ಸೂರ್ಯ ಎಲ್ಲಿ ಹೋದ? ಇಲ್ಲಿರುವವನು ತನ್ನ ವಿದ್ಯೆಯ ಜಂಬದಲ್ಲೂ ಹಟದಲ್ಲೂ ಬೇಯುವ ಮನುಷ್ಯ. ಹಾಡುಗಳಿಗೆ ದನಿ ಬಾಲಮುರಳಿಕೃಷ್ಣ ಅವರದು. ಅವರಿಗೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಬಂತು, ಚಿತ್ರಕ್ಕೂ ಬಂತು. ಎರಡೂ ನ್ಯಾಯವೇ. ಆದರೆ ಅಷ್ಟು ದೊಡ್ಡ ಕಂಠವನ್ನು ತನ್ನ ಕೊರಳಿನದೇ ಎಂದು ನಮ್ಮನ್ನು ನಂಬಿಸಿದವರಿಗೆ ಬರಲಿಲ್ಲ. ಆಗಲೂ ಇಲ್ಲ, ಆಮೇಲೂ ಇಲ್ಲ. 2025ರಲ್ಲಿ ಪದ್ಮಭೂಷಣ ಘೋಷಣೆಯಾದಾಗ ಎಲ್ಲರೂ ಸಂಭ್ರಮಿಸಿದೆವಲ್ಲ, ಆ ನಟನಿಗೆ ನಟನೆಯ ರಾಷ್ಟ್ರಪ್ರಶಸ್ತಿ ಒಂದೂ ಸಿಕ್ಕಿಲ್ಲ ಅನ್ನುವುದು ಎಷ್ಟು ಜನಕ್ಕೆ ನೆನಪಾಯಿತು? ನಿಮ್ಮ ಹಾಗೆ ಯೋಚಿಸುವ ಮೇಷ್ಟ್ರುಗಳೇ ಆಯ್ಕೆ ಸಮಿತಿಯಲ್ಲೂ ಕೂತಿದ್ದರೋ ಏನೋ. ಬೇಜಾರು ಮಾಡಿಕೊಳ್ಳಬೇಡಿ, ಸುಮ್ನೆ ಹೇಳಿದೆ.

ಸಂಗೀತದ ಮಾತು ಬಂತಲ್ಲ. 1987ರಲ್ಲಿ ಅವರು ಮಲಯಾಳಕ್ಕೆ ಹೋಗಿ ‘ಸ್ವಾತಿ ತಿರುನಾಳ್’ ಚಿತ್ರದಲ್ಲಿ ತಿರುವಾಂಕೂರಿನ ರಾಜನಾದರು. ಅವನೂ ಸಂಗೀತಗಾರ. ದುರ್ಗದ ವಿದ್ವಾಂಸನನ್ನೂ ಈ ರಾಜನನ್ನೂ ಒಂದೇ ವಾರದಲ್ಲಿ ನೋಡಿ. ಹಾಡು ಬರುವಾಗ ಇಬ್ಬರೂ ಒಂದೇ ಥರ ಕೂರುತ್ತಾರಾ ಅಂತ ನೀವೇ ಹೇಳಿ.

ನಗೆಯ ಪಾತ್ರಗಳ ಬಗ್ಗೆ ನಾನು ಜಾಸ್ತಿ ಬರೆಯಬೇಕಾಗಿಲ್ಲ. ‘ಗಣೇಶನ ಮದುವೆ’ ಎಲ್ಲರ ಮನೆಯಲ್ಲೂ ಬಾಯಿಪಾಠ. ಒಂದೇ ಒಂದು ಸಂಗತಿ ಹೇಳುತ್ತೇನೆ. ವಠಾರದ ಆ ಗಣೇಶ ಒಮ್ಮೆಯೂ ನಗಿಸಲು ಪ್ರಯತ್ನಪಡುವುದಿಲ್ಲ. ಅವನಿಗೆ ನಿಜವಾಗಿ ಸಿಟ್ಟು ಬಂದಿರುತ್ತದೆ, ನಗು ಬರುವುದು ನಮಗೆ. ಮರುವರ್ಷ ‘ಗೌರಿ ಗಣೇಶ’ದಲ್ಲಿ ಅವರು ಪಕ್ಕಾ ವಂಚಕ ಲಂಬೋದರ. ನಿರ್ದೇಶಕರು ಅದೇ ಫಣಿ ರಾಮಚಂದ್ರ, ನಗೆಯ ಜಾತಿಯೂ ಅದೇ. ಆದರೂ ಲಂಬೋದರನ ಮಾತಿನ ಓಟ ಗಣೇಶನಿಗಿಲ್ಲ. ಒಬ್ಬ ಬಾಯಿಗೆ ಬಂದದ್ದನ್ನು ಆಡಿ ಸಿಕ್ಕಿಬೀಳುತ್ತಾನೆ, ಇನ್ನೊಬ್ಬ ಸಿಕ್ಕಿಬಿದ್ದ ಮೇಲೆ ಮಾತು ಹುಟ್ಟಿಸುತ್ತಾನೆ. ಇದನ್ನು ಯಾವ ವಿಗ್ಗು ಮಾಡಿಕೊಡುತ್ತದೆ ಹೇಳಿ?

ವಯಸ್ಸಾದ ಮೇಲಿನ ಪಾತ್ರಗಳೂ ಹಾಗೇ. ‘ಮುಂಗಾರು ಮಳೆ’ಯ ಕರ್ನಲ್, ‘ಕೆ.ಜಿ.ಎಫ್.’ ಮೊದಲ ಭಾಗದಲ್ಲಿ ಕೂತಲ್ಲೇ ಕೂತು ಕಥೆ ಹೇಳುವ ಪತ್ರಕರ್ತ, ‘ಕವಲುದಾರಿ’ಯ ನಿವೃತ್ತ ಪೊಲೀಸ್ ಅಧಿಕಾರಿ. ನನಗೆ ಎಲ್ಲಕ್ಕಿಂತ ಇಷ್ಟ 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’. ಕಾಣೆಯಾದವರ ಪ್ರಕಟಣೆಯಲ್ಲಿ ಬರುವ ಸಾಲು ಅದು. ನೋಡಿದರೆ ನೆನಪಿನಲ್ಲಿ ಉಳಿಯುವಂಥದ್ದು ಯಾವುದೂ ಇಲ್ಲದ ಒಬ್ಬ ಮನುಷ್ಯ, ಅವನಿಗೇ ನೆನಪು ಕೈಕೊಡುತ್ತಿದೆ. ಮರೆವಿನ ಕಾಯಿಲೆ ಅಂದ ಕೂಡಲೇ ನಮ್ಮ ಎಷ್ಟೋ ನಟರು ಗೋಡೆ ದಿಟ್ಟಿಸುತ್ತಾ ಬಾಯಿ ತೆರೆದು ಕೂತುಬಿಡುತ್ತಾರೆ. ಈ ವೆಂಕೋಬರಾವ್ ಹಾಗಲ್ಲ. ಎದುರಿಗಿರುವವರು ಯಾರೆಂದು ತಿಳಿಯದಿದ್ದರೂ ಮರ್ಯಾದೆಯಿಂದ ಮಾತಾಡಿಸುತ್ತಾರೆ. ತನಗೆ ಗೊತ್ತಾಗಲಿಲ್ಲ ಅಂತ ಅವರಿಗೆ ಬೇಸರವಾಗಬಾರದಲ್ಲ! ಮನೆಯಲ್ಲಿ ಇಂಥ ಹಿರಿಯರನ್ನು ನೋಡಿಕೊಂಡವರಿಗೆ ಆ ನಗು ಚೆನ್ನಾಗಿ ಗೊತ್ತು.

ಇನ್ನು ಧಾರಾವಾಹಿ. ಇಲ್ಲಿ ನಿಮ್ಮ ಮೇಲೆ ಸ್ವಲ್ಪ ಸಿಟ್ಟೇ ಬಂತು. ನಿಮ್ಮ ಜಿಲ್ಲೆಯ ಆಗುಂಬೆಯಲ್ಲೇ ಅಲ್ವಾ ಶಂಕರ್ ನಾಗ್ ಮಾಲ್ಗುಡಿ ಕಟ್ಟಿದ್ದು? ಆರ್.ಕೆ. ನಾರಾಯಣ್ ಅವರ ಕಥೆಗಳ ಆ ‘ಮಾಲ್ಗುಡಿ ಡೇಸ್’ ಧಾರಾವಾಹಿ 1986ರಲ್ಲಿ ದೂರದರ್ಶನಕ್ಕೆ ಬಂತು. ಅದರ ಪುಟ್ಟ ಹುಡುಗ ಸ್ವಾಮಿಯ ಅಪ್ಪನಾಗಿ ಗಿರೀಶ್ ಕಾರ್ನಾಡ್ ಇದ್ದರು. ಅವರಿಗೆ ಬೇರೆ ಕೆಲಸ ಇರಲಿಲ್ಲ ಅಂತೀರಾ? ಮಿಠಾಯಿ ಮಾರುವ ಜಗನ್ ಆಗಿ ಅನಂತ್ ನಾಗ್ ಬಂದಾಗ ಅವರಿಗೆ ನಲವತ್ತು ತುಂಬಿರಲಿಲ್ಲ. ಜಗನ್ ಚರಕ ನೂಲುವ ಗಾಂಧಿವಾದಿ, ಸಂಜೆ ಗಲ್ಲಾಪೆಟ್ಟಿಗೆ ಎಣಿಸುವ ವ್ಯಾಪಾರಿ, ಅಮೆರಿಕದಿಂದ ವಾಪಸ್ ಬಂದ ಮಗನ ಮುಂದೆ ಮಾತು ಹೊರಡದ ಅಪ್ಪ. ಮಗ ಕಥೆ ಬರೆಯುವ ಯಂತ್ರದ ಬಗ್ಗೆ ಉದ್ದುದ್ದ ಮಾತಾಡುತ್ತಾನೆ. ಅಪ್ಪನಿಗೆ ಅದು ಅರ್ಥವಾಗುವುದಿಲ್ಲ, ಅರ್ಥವಾಗಲಿಲ್ಲ ಅನ್ನಲು ಧೈರ್ಯವೂ ಇಲ್ಲ. ಸಿನಿಮಾದ ಎರಡೂವರೆ ಗಂಟೆಯಲ್ಲಿ ಇಂಥ ಮುಜುಗರಕ್ಕೆ ಒಂದು ದೃಶ್ಯ ಸಿಕ್ಕರೆ ಹೆಚ್ಚು. ಧಾರಾವಾಹಿ ಅದಕ್ಕೆ ಕಂತುಗಟ್ಟಲೆ ಜಾಗ ಕೊಟ್ಟಿತು. ಅರ್ಧ ಪುಟ ದಂಡವಾಯಿತು ಅಂತೀರಿ. ಒಂದು ಪುಟ ಕೊಡಬೇಕಿತ್ತು.

ಉಮಾಶ್ರೀ ಅವರನ್ನೂ ನೋಡಿ. ‘ಅನುಭವ’ದಲ್ಲಿ ಗುರುತಿಸಿಕೊಂಡರು. ಆಮೇಲೆ ನಮ್ಮ ಚಿತ್ರರಂಗ ಅವರಿಗೆ ವರ್ಷಗಟ್ಟಲೆ ಕೊಟ್ಟದ್ದು ದ್ವಂದ್ವಾರ್ಥದ ಹಾಸ್ಯ. ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ ಬಂದು, ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಸಿಕ್ಕಿದ ಮೇಲೆ, ಓಹೋ ಇವರು ನಟಿ ಅಂತ ಜನಕ್ಕೆ ಗೊತ್ತಾಯಿತು. ಅಂಥವರು ಮಂತ್ರಿಯೂ ಆಗಿ ಬಂದು, 2021ರಲ್ಲಿ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ಪುಟ್ಟಕ್ಕ ಆದರು. ಅದು ಇಳಿತ ಅಂತ ನಿಮಗೆ ಅನ್ನಿಸಿದರೆ, ಸಂಜೆ ಪಕ್ಕದ ಮನೆಯ ಹೆಂಗಸರನ್ನು ಒಂದು ಮಾತು ಕೇಳಿ.

ಧಾರಾವಾಹಿ ಶೂಟಿಂಗ್ ಹೇಗೆ ನಡೆಯುತ್ತದೆ ಗೊತ್ತಾ? ಒಮ್ಮೆ ಬೆಂಗಳೂರಿನ ಹೊರವಲಯದ ಒಂದು ಶೂಟಿಂಗ್ ಮನೆಗೆ ಹೋಗಿದ್ದೆ. ಹೆಸರು ಬೇಡ. ಅಪ್ಪನ ಪಾತ್ರ ಮಾಡುವ ಹಿರಿಯ ನಟರು ಊಟದ ಮೇಜಿನ ಮುಂದೆ ಕೂತಿದ್ದರು. ಅವತ್ತಿನ ಸೀನ್ ಪೇಪರ್ ಬಂದದ್ದೇ ಅವತ್ತು ಬೆಳಿಗ್ಗೆ. ಮಗಳು ಮನೆ ಬಿಟ್ಟು ಹೋಗುತ್ತೇನೆ ಅನ್ನುತ್ತಾಳೆ, ಅಪ್ಪನ ರಿಯಾಕ್ಷನ್ ಬೇಕು. ಮಗಳ ಪಾತ್ರದ ಹುಡುಗಿ ತನ್ನ ಶಾಟ್ ಮುಗಿಸಿ ಇನ್ನೊಂದು ಶೂಟಿಂಗ್‌ಗೆ ಹೊರಟುಹೋಗಿದ್ದಳು. ಅವಳ ಜಾಗದಲ್ಲಿ ಒಂದು ಲೈಟ್ ಸ್ಟ್ಯಾಂಡ್ ಇಟ್ಟರು. ಸಹಾಯಕ ನಿರ್ದೇಶಕ ಕ್ಯಾಮೆರಾ ಪಕ್ಕ ನಿಂತು ಅವಳ ಮಾತನ್ನು ಗಡಸು ಗಂಟಲಲ್ಲಿ ಓದಿದ. ಇವರು ಆ ಕಬ್ಬಿಣದ ಕಂಬವನ್ನು ನೋಡುತ್ತಾ, ಕೈಯಲ್ಲಿದ್ದ ಚಮಚವನ್ನು ನಿಧಾನಕ್ಕೆ ತಟ್ಟೆಯಲ್ಲಿಟ್ಟು, ಮತ್ತೆ ಎತ್ತಿಕೊಂಡರು. ತಿನ್ನಲಿಲ್ಲ. ಶಾಟ್ ಓಕೆ ಆದ ತಕ್ಷಣ ಕೇಳಿದ್ದೇನು ಗೊತ್ತಾ? “ಮರಿ, ಹಿಂದಿನ ಶಾಟ್‌ನಲ್ಲಿ ಚಮಚ ಬಲಗೈಲೇ ಇತ್ತು ತಾನೆ?” ಟೀವಿಯಲ್ಲಿ ಆ ಕಂತು ಬಂದಾಗ ಹುಡುಕಿ ನೋಡಿದೆ. ಚಮಚ ಇರಲಿಲ್ಲ. ಕತ್ತರಿಸಿದ್ದರು. ಅದರ ಬದಲು ಅವರ ಮುಖವನ್ನು ಮೂರು ಸಲ, ಮೂರು ಕಡೆಯಿಂದ, ಢಂ ಢಂ ಅನ್ನಿಸಿ ತೋರಿಸಿದರು.

ನೋಡಿ, ಇದು ನನ್ನ ದೂರು. ಧಾರಾವಾಹಿಯಲ್ಲಿ ನಟನೆ ಇಲ್ಲ ಅಂತಲ್ಲ. ಇರುವ ನಟನೆಯನ್ನು ಎಡಿಟಿಂಗ್ ಟೇಬಲ್ ಮೇಲೆ ಕೊಲ್ಲುತ್ತಾರೆ. ಟಿ.ಆರ್.ಪಿ. ಬಿದ್ದರೆ ಅಪ್ಪನ ಪಾತ್ರಕ್ಕೆ ಹಾರ್ಟ್ ಅಟ್ಯಾಕು. ನಟರಿಗೆ ಡೇಟ್ ಇಲ್ಲದಿದ್ದರೆ ಆ ಪಾತ್ರ ಕಾಶಿಯಾತ್ರೆಗೆ. ವಾಪಸ್ ಬರುವಾಗ ಬೇರೆ ಮುಖ! ನಿಮ್ಮ ಲೆಕ್ಕದಲ್ಲಿ ಅದೂ ಬಹುಮುಖವೇ ಅನ್ನಿ.

ಸಿನಿಮಾದವರೂ ಏನು ಕಡಿಮೆಯಿಲ್ಲ. ಎರಡು ಚಿತ್ರ ಮಾಡಿದ ಹುಡುಗನಿಗೆ ಒಂದು ಬಿರುದು, ಮೂರನೆಯದಕ್ಕೆ ಕಟೌಟು, ಕಟೌಟಿಗೆ ಹಾಲು. ಅವನ ಅಪ್ಪನಾಗಿ, ಮಾವನಾಗಿ, ಮೇಷ್ಟ್ರಾಗಿ ನಿಂತು ಇಡೀ ಚಿತ್ರವನ್ನು ಹೊತ್ತವರ ಹೆಸರು ಟೈಟಲ್ ಕಾರ್ಡಿನಲ್ಲಿ ಓದುವ ಮೊದಲೇ ಓಡಿಹೋಗುತ್ತದೆ. ಓಟಿಟಿಯಲ್ಲಿ ಇನ್ನೂ ಕಷ್ಟ. ಹೆಸರುಗಳು ಶುರುವಾಗುವಷ್ಟರಲ್ಲಿ ಮುಂದಿನ ಚಿತ್ರ ತಾನಾಗಿಯೇ ಶುರುವಾಗಿರುತ್ತದೆ. ನಾವು ಪತ್ರಿಕೆಯವರೂ ಇದರಲ್ಲಿ ಪಾಲುದಾರರೇ. ಪೋಷಕ ನಟರು ನಮ್ಮ ಮುಖಪುಟಕ್ಕೆ ಬರಬೇಕಾದರೆ ಸಾಯಬೇಕು.

ಹಳೆಯ ಧಾರಾವಾಹಿಗಳ ಗತಿ ಕೇಳಲೇಬೇಡಿ. ಸಿನಿಮಾಕ್ಕಾದರೆ ಪುಣೆಯಲ್ಲಿ 1964ರಿಂದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇದೆ. ಕನ್ನಡದ ಧಾರಾವಾಹಿಗೆ ಎಲ್ಲಿದೆ? ಅದನ್ನು ಬರೆದವರು, ಆಡಿದವರು, ಕ್ಯಾಮೆರಾ ಹಿಡಿದವರು ಯಾರು ಅಂತ ಒಂದು ಕಡೆ ಬರೆದಿಟ್ಟವರಿದ್ದಾರಾ? ಅನಂತ್ ನಾಗ್ ಅವರಾದರೂ ತಮ್ಮನ ಬಗ್ಗೆ ‘ನನ್ನ ತಮ್ಮ ಶಂಕರ’ ಎಂಬ ಪುಸ್ತಕ ಬರೆದಿಟ್ಟರು. ಬರೆಯುವ ಅಣ್ಣ ಎಲ್ಲ ನಟರಿಗೂ ಇರುವುದಿಲ್ಲವಲ್ಲ. ದಿನವೂ ರಾತ್ರಿ ನಮ್ಮ ಊಟದ ಹೊತ್ತಿಗೆ ಮನೆಗೆ ಬಂದು ಹೋದ ಎಷ್ಟೋ ಕಲಾವಿದರ ಅತ್ಯುತ್ತಮ ಕೆಲಸವನ್ನು ಇವತ್ತು ಅವರ ಮೊಮ್ಮಕ್ಕಳಿಗೆ ತೋರಿಸೋಣ ಅಂದರೂ ಸಿಗುವುದಿಲ್ಲ.

ಆದ್ದರಿಂದ ನಿಮಗೊಂದು ಹೋಂವರ್ಕು, ಮೇಷ್ಟ್ರೇ. ಕಾಗದದ ಕೊನೆಯಲ್ಲಿ, “ಧಾರಾವಾಹಿಗಳನ್ನು ವೀಸಿಆರ್‌ನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳುವ ಹುಚ್ಚು ನನ್ನ ಹೆಂಡತಿಗೆ ಒಂದು ಕಾಲದಲ್ಲಿತ್ತು” ಎಂದು ಬೈಯುವ ಧಾಟಿಯಲ್ಲಿ ಬರೆದಿದ್ದೀರಿ. ಆ ಕ್ಯಾಸೆಟ್‌ಗಳು ಅಟ್ಟದಲ್ಲಿ ಇನ್ನೂ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಬೂಷ್ಟು ಹಿಡಿದಿದ್ದರೆ ಪ್ಲೇಯರ್‌ಗೆ ತುರುಕಲೂ ಬೇಡಿ, ಟೇಪು ಕಿತ್ತುಹೋಗುತ್ತದೆ. ಒಣ ಬಟ್ಟೆಯಲ್ಲಿ ಸುತ್ತಿ, ಯಾವ ಕ್ಯಾಸೆಟ್‌ನಲ್ಲಿ ಏನಿದೆ ಎಂದು ಅಮ್ಮನವರನ್ನು ಕೇಳಿ ಚೀಟಿ ಅಂಟಿಸಿ, ನಮಗೆ ಕಳಿಸಿ. ಡಿಜಿಟಲ್ ಪ್ರತಿ ಮಾಡಿಸುವ ಖರ್ಚು ಪತ್ರಿಕೆಯದು. ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ.

— ಸಂ.